ಒಳ್ಳೆಯ ಸ್ಟ್ರಾಬೆರಿ ಆರಿಸುವುದು, ಅಸಲಿ ಮೇಪಲ್ ಸಿರಪ್ ಗುರುತಿಸುವುದು, ತಾರಸಿಯಲ್ಲೇ ಹಣ್ಣು ಬೆಳೆಯುವುದು

ಮಾವಿನಕಾಯಿ ತಂದು ಹುಲ್ಲಿನಲ್ಲಿ ಮುಚ್ಚಿಟ್ಟರೆ ನಾಲ್ಕು ದಿನಕ್ಕೆ ಹಣ್ಣಾಗುತ್ತದೆ. ಬಾಳೆಗೊನೆ ಅಡುಗೆಮನೆಯ ಮೂಲೆಯಲ್ಲಿ ತೂಗು ಹಾಕಿದರೂ ತಾನೇ ಮಾಗುತ್ತದೆ. ಸ್ಟ್ರಾಬೆರಿ ಹಾಗಲ್ಲ. ಗಿಡದಿಂದ ಕಿತ್ತ ಕ್ಷಣಕ್ಕೆ ಅದರ ಸಿಹಿ ಎಷ್ಟಿತ್ತೋ ಅಷ್ಟೇ. ಆಮೇಲೆ ಬಣ್ಣ ಇನ್ನಷ್ಟು ಕೆಂಪಾಗಬಹುದು, ಮೆತ್ತಗಾಗಬಹುದು, ಆದರೆ ಸಕ್ಕರೆ ಏರುವುದಿಲ್ಲ.

ಇದು ಗೊತ್ತಿಲ್ಲದೆ ನಾನು ಮೊದಲ ಸಲ ಎರಡು ಡಬ್ಬಿ ತಂದು, 'ಸ್ವಲ್ಪ ಕಾಯಿದೆ, ಮಾಗಲಿ' ಅಂತ ಎರಡು ದಿನ ಹೊರಗೆ ಇಟ್ಟಿದ್ದೆ. ಬಣ್ಣ ಚೆನ್ನಾಗಿ ಬಂತು. ಹುಳಿ ಹಾಗೇ ಉಳಿಯಿತು. ಮೂರನೇ ದಿನ ಬೂದು ಬೂಷ್ಟು ಹಿಡಿಯಿತು. ಮಕ್ಕಳು ಆಸೆಯಿಂದ ಕಾದು ಕೂತಿದ್ದರು. ಆ ಬೇಜಾರಿನಿಂದಲೇ ಈ ಹಣ್ಣಿನ ಹಿಂದೆ ಬಿದ್ದೆ. ಆರಿಸುವುದು ಕಲಿತೆ, ಆಮೇಲೆ ಬೆಂಗಳೂರಿನ ನಮ್ಮ ತಾರಸಿಯಲ್ಲೇ ಬೆಳೆಯುವುದು ಕಲಿತೆ. ಜೊತೆಗೆ ಮೇಪಲ್ ಸಿರಪ್ಪಿನ, ಅಂದರೆ ಮೇಪಲ್ ಮರದ ರಸ ಕುದಿಸಿ ಮಾಡುವ ಸಿಹಿ ಪಾಕದ ವಿಷಯವನ್ನೂ ಹೇಳುತ್ತೇನೆ. ಕೆನಡಾ, ಅಮೆರಿಕದಿಂದ ಬರುವ ನೆಂಟರು ಅದರ ಬಾಟಲಿ ತರುತ್ತಾರೆ. ಈಗ ಇಲ್ಲಿನ ದೊಡ್ಡ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಅಸಲಿ ಯಾವುದು, ನಕಲಿ ಯಾವುದು ಎಂದು ತುಂಬಾ ಜನರಿಗೆ ಗೊತ್ತಾಗುವುದಿಲ್ಲ.

ಯಾವಾಗ ಕೊಳ್ಳಬೇಕು

ನಮ್ಮ ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಮಹಾರಾಷ್ಟ್ರದ ಸತಾರಾ ಜಿಲ್ಲೆಯ ಮಹಾಬಲೇಶ್ವರ, ಪಂಚಗನಿ ಸುತ್ತಮುತ್ತ ಬೆಳೆಯುತ್ತದೆ. ಮಹಾಬಲೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅಲ್ಲಿ ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಸಿ ನೆಡುತ್ತಾರೆ. ನವೆಂಬರ್ ಕೊನೆಯಿಂದ ಹಣ್ಣು ಶುರುವಾಗಿ ಮಾರ್ಚ್-ಏಪ್ರಿಲ್‌ವರೆಗೆ ಬರುತ್ತದೆ.

ಕೊಳ್ಳುವುದಾದರೆ ಜನವರಿ ಮತ್ತು ಫೆಬ್ರವರಿ ಒಳ್ಳೆಯದು. ಚಳಿಗಾಲದ ತಂಪಿನಲ್ಲಿ ಹಣ್ಣು ನಿಧಾನಕ್ಕೆ ಮಾಗುತ್ತದೆ, ಸಿಹಿ ಜಾಸ್ತಿ ಕೂಡಿಕೊಳ್ಳುತ್ತದೆ. ಬಿಸಿಲು ಏರಿದ ಮೇಲೆ ಬರುವ ಹಣ್ಣು ಬೇಗ ಕೆಂಪಾಗುತ್ತದೆ, ಗಾತ್ರ ಚಿಕ್ಕದು, ರುಚಿ ತೆಳು.

ಇನ್ನೊಂದು ವಿಷಯ, ದೂರ. ಸತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಬರುವಷ್ಟರಲ್ಲಿ ಪೂರ್ತಿ ಮಾಗಿದ ಹಣ್ಣು ಜಜ್ಜಿಹೋಗುತ್ತದೆ. ಅದಕ್ಕೇ ದೂರದ ಪೇಟೆಗೆ ಕಳಿಸುವ ಹಣ್ಣನ್ನು ಮುಕ್ಕಾಲು ಭಾಗ ಕೆಂಪಾದಾಗಲೇ ಕೀಳುತ್ತಾರೆ. ರೈತರ ತಪ್ಪಲ್ಲ ಅದು. ಆದರೆ ಬೆಳಗಾವಿಯವರಿಗೆ ಸಿಗುವ ಹಣ್ಣಿಗೂ ನಮಗೆ ಸಿಗುವ ಹಣ್ಣಿಗೂ ವ್ಯತ್ಯಾಸ ಬರುವುದು ಇದರಿಂದಲೇ.

ಡಬ್ಬಿ ಕೈಗೆತ್ತಿಕೊಂಡಾಗ

ಮೊದಲು ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿ. ಮೇಲಿನ ಸಾಲಿನಲ್ಲಿ ಚೆಂದದ ಹಣ್ಣು ಜೋಡಿಸಿರುತ್ತಾರೆ. ವಿಷಯ ಇರುವುದು ತಳದಲ್ಲಿ. ತಳದಲ್ಲಿ ಕೆಂಪು ರಸ ಸೋರಿದ ಕಲೆ ಇದ್ದರೆ ಕೆಳಗಿನ ಹಣ್ಣು ಒಡೆದಿದೆ ಎಂದರ್ಥ. ಒಂದು ಒಡೆದರೆ ಸಾಕು, ಬೂಷ್ಟು ಪಕ್ಕದ ಹಣ್ಣಿಗೆ ಹತ್ತಲು ಒಂದು ರಾತ್ರಿಯೇ ಜಾಸ್ತಿ.

ಎರಡನೆಯದು, ಹಣ್ಣಿನ ಭುಜ. ತಲೆಯ ಮೇಲಿನ ಹಸಿರು ಎಲೆಗಳನ್ನು ಸ್ವಲ್ಪ ಸರಿಸಿ ನೋಡಿ. ಅಲ್ಲಿ ಬಿಳಿ ಪಟ್ಟಿ ಅಗಲವಾಗಿದ್ದರೆ ಬೇಗ ಕಿತ್ತ ಹಣ್ಣು. ತುದಿಯಿಂದ ಭುಜದವರೆಗೂ ಕೆಂಪು ಹರಡಿದ್ದರೆ ಗಿಡದಲ್ಲೇ ಮಾಗಿದ್ದು. ಕೆಲವು ತಳಿಗಳಲ್ಲಿ ಎಷ್ಟು ಮಾಗಿದರೂ ಭುಜ ಸ್ವಲ್ಪ ಬಿಳಿಯಾಗೇ ಇರುತ್ತದೆ. ಹಾಗಾಗಿ ಇದೊಂದನ್ನೇ ನಂಬಬೇಡಿ.

ಮೂರನೆಯದು, ಆ ಹಸಿರು ಎಲೆಗಳೇ. ಗಟ್ಟಿಯಾಗಿ, ಹಸಿರಾಗಿ ನಿಂತಿದ್ದರೆ ಇತ್ತೀಚೆಗೆ ಕಿತ್ತದ್ದು. ಬಾಡಿ ಕಂದಾಗಿದ್ದರೆ ಹಣ್ಣು ಎಷ್ಟೇ ಹೊಳೆಯುತ್ತಿದ್ದರೂ ಹಳೆಯದು.

ಆದರೆ ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಮೂಗನ್ನು. ಡಬ್ಬಿಗೆ ಗಾಳಿ ಆಡಲು ತೂತುಗಳಿರುತ್ತವಲ್ಲ, ಅಲ್ಲಿಗೆ ಮೂಗು ಹಿಡಿಯಿರಿ. ಮಾಗಿದ ಸ್ಟ್ರಾಬೆರಿ ಒಂದಡಿ ದೂರದಿಂದಲೇ ಘಮ್ ಅನ್ನುತ್ತದೆ. ವಾಸನೆಯೇ ಇಲ್ಲದಿದ್ದರೆ ರುಚಿಯೂ ಇರುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಡಬ್ಬಿಯಾದರೆ ಒಂದೆರಡು ನಿಮಿಷ ಕೈಯಲ್ಲಿ ಹಿಡಿದುಕೊಂಡು ಆಮೇಲೆ ಮೂಸಿ, ತಣ್ಣಗಿರುವಾಗ ಘಮ ಏಳುವುದಿಲ್ಲ. ಹುಳಿಹುಳಿಯಾದ ಹೆಂಡದಂಥ ವಾಸನೆ ಬಂದರೆ ಹುದುಗು ಬಂದಿದೆ, ಬಿಟ್ಟುಬಿಡಿ.

ಗಾತ್ರಕ್ಕೆ ಮರುಳಾಗಬೇಡಿ. ದೊಡ್ಡ ಹಣ್ಣು ನೋಡಲು ಚೆನ್ನ, ಎಷ್ಟೋ ಸಲ ನಡುವೆ ಟೊಳ್ಳು. ನಮ್ಮ ಏರಿಯಾದ ತಳ್ಳುಗಾಡಿಯವರ ಹತ್ತಿರ ಒಮ್ಮೆ, "ಅಣ್ಣ, ದೊಡ್ಡದು ಇಲ್ವಾ?" ಅಂದೆ. "ದೊಡ್ಡದು ಫೋಟೋಗೆ ಅಕ್ಕ, ತಿನ್ನೋಕೆ ಇದು ತಗೊಳ್ಳಿ" ಅಂತ ಚಿಕ್ಕ ಹಣ್ಣಿನ ಡಬ್ಬಿ ಕೊಟ್ಟರು. ಆವತ್ತಿಂದ ಅವರ ಹತ್ತಿರವೇ ಕೊಳ್ಳುತ್ತೇನೆ. ಯಾವತ್ತು ಹೊಸ ಲೋಡ್ ಬರುತ್ತದೆ ಎಂದು ಇಂಥವರನ್ನು ಕೇಳಿಟ್ಟುಕೊಳ್ಳಿ, ಆ ದಿನವೇ ಹೋಗಿ.

ಮನೆಗೆ ತಂದ ಮೇಲೆ

ತಕ್ಷಣ ತೊಳೆಯಬೇಡಿ. ಒದ್ದೆ ಹಣ್ಣು ಬೇಗ ಕೊಳೆಯುತ್ತದೆ. ಡಬ್ಬಿ ಬಿಚ್ಚಿ, ಒಡೆದದ್ದು, ಮೆತ್ತಗಾದದ್ದು ಬೇರೆ ತೆಗೆದು ಅವತ್ತೇ ಮುಗಿಸಿ. ಉಳಿದದ್ದನ್ನು ಅಗಲ ಡಬ್ಬಿಯಲ್ಲಿ ಹತ್ತಿ ಬಟ್ಟೆ ಹಾಸಿ, ಒಂದೇ ಪದರದಲ್ಲಿ ಇಟ್ಟು, ಫ್ರಿಜ್ಜಿನಲ್ಲಿಡಿ. ತಿನ್ನುವ ಮೊದಲು ತೊಳೆಯಿರಿ, ಅದೂ ತೊಟ್ಟು ತೆಗೆಯುವ ಮುಂಚೆ. ತೊಟ್ಟು ತೆಗೆದು ತೊಳೆದರೆ ಆ ತೂತಿನಿಂದ ನೀರು ಒಳಗೆ ಹೋಗಿ ರುಚಿ ಸಪ್ಪೆಯಾಗುತ್ತದೆ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಬಿಟ್ಟು ತಿಂದರೆ ಘಮ ವಾಪಸ್ ಬರುತ್ತದೆ.

ಹುಳಿ ಹಣ್ಣೇ ಸಿಕ್ಕಿಬಿಟ್ಟರೆ ಬಿಸಾಡಬೇಕಿಲ್ಲ. ಹೆಚ್ಚಿ, ಒಂದು ಚಮಚ ಸಕ್ಕರೆ ಉದುರಿಸಿ ಇಪ್ಪತ್ತು ನಿಮಿಷ ಬಿಡಿ. ರಸ ಬಿಟ್ಟುಕೊಂಡು ತಿನ್ನುವ ಹಾಗಾಗುತ್ತದೆ. ಸಕ್ಕರೆ ಬದಲು ಮೇಪಲ್ ಸಿರಪ್ ಹಾಕಿದರೆ ಇನ್ನೂ ಸೊಗಸು.

ಮೇಪಲ್ ಸಿರಪ್: ಲೇಬಲ್ ಓದುವ ಕೆಲಸ

ನಮ್ಮ ಮಲೆನಾಡಿನ ಆಲೆಮನೆ ನೋಡಿದ್ದೀರಲ್ಲ? ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಕುದಿಸಿ ಜೋನಿ ಬೆಲ್ಲ ಮಾಡುತ್ತಾರೆ. ಮೇಪಲ್ ಸಿರಪ್ ಕೂಡ ಅದೇ ಥರದ ಕೆಲಸ. ಕಬ್ಬಿನ ಬದಲು ಮರ. ಶುಗರ್ ಮೇಪಲ್ ಎಂಬ ಮರ ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಬೆಳೆಯುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬೆಚ್ಚಗೆ ಇರುವ ಕೆಲವೇ ವಾರಗಳಲ್ಲಿ ಕಾಂಡಕ್ಕೆ ಸಣ್ಣ ತೂತು ಕೊರೆದು ರಸ ಇಳಿಸುತ್ತಾರೆ. ಯುರೋಪಿನವರು ಬರುವ ಎಷ್ಟೋ ಮುಂಚೆಯೇ ಅಲ್ಲಿನ ಮೂಲನಿವಾಸಿಗಳು ಇದನ್ನು ಮಾಡುತ್ತಿದ್ದರು.

ಆ ರಸ ನೀರಿನ ಹಾಗೇ ಇರುತ್ತದೆ. ಸಕ್ಕರೆ ಶೇ. 2ರ ಆಸುಪಾಸು ಮಾತ್ರ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಶೇ. 66ರಷ್ಟು ಸಕ್ಕರೆಗೆ ಬಂದಾಗ ಇಳಿಸುತ್ತಾರೆ. ಏನನ್ನೂ ಸೇರಿಸುವುದಿಲ್ಲ, ನೀರು ತೆಗೆಯುವುದಷ್ಟೇ. ಬೆಲೆ ಯಾಕೆ ಜಾಸ್ತಿ ಎಂದು ಇಲ್ಲೇ ಗೊತ್ತಾಗುತ್ತದೆ. ತುಂಬಾ ಅಗ್ಗಕ್ಕೆ ಸಿಕ್ಕಿದರೆ ಅನುಮಾನ ಪಡಿ.

ಕೊಳ್ಳುವಾಗ ಬಾಟಲಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೇಪಲ್ ಸಿರಪ್ ಎಂಬ ಒಂದೇ ಹೆಸರಿರಬೇಕು. ಕಾರ್ನ್ ಸಿರಪ್, ಕ್ಯಾರಮೆಲ್ ಬಣ್ಣ, ಫ್ಲೇವರ್ ಎಂದಿದ್ದರೆ ಅದು ನಕಲು. 'ಪ್ಯಾನ್‌ಕೇಕ್ ಸಿರಪ್', 'ಮೇಪಲ್ ಫ್ಲೇವರ್ಡ್ ಸಿರಪ್' ಎಂದು ಮುಂದೆ ಬರೆದು, ಪಕ್ಕದಲ್ಲಿ ದೊಡ್ಡದಾಗಿ ಮೇಪಲ್ ಎಲೆಯ ಚಿತ್ರ ಹಾಕಿರುತ್ತಾರೆ. ಎಲೆ ನೋಡಿ ಮೋಸ ಹೋಗಬೇಡಿ.

ಆಮೇಲೆ ಎಲ್ಲಿಯದು ನೋಡಿ. ಪ್ರಪಂಚದ ಮೇಪಲ್ ಸಿರಪ್ಪಿನ ಬಹುಪಾಲು ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು. ಅಮೆರಿಕದಲ್ಲಿ ವರ್ಮಾಂಟ್ ಮುಂದೆ. ಒಳ್ಳೆಯ ಬಾಟಲಿಯ ಮೇಲೆ 'ಗ್ರೇಡ್ ಎ' ಜೊತೆಗೆ ಬಣ್ಣದ ಹೆಸರಿರುತ್ತದೆ: ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್. ನಾಲ್ಕೂ ಗ್ರೇಡ್ ಎ, ಗುಣದಲ್ಲಿ ಮೇಲು ಕೀಳು ಇಲ್ಲ. ಹಂಗಾಮಿನ ಶುರುವಿನದ್ದು ತಿಳಿಬಣ್ಣ, ಮೆಲು ರುಚಿ. ಕೊನೆಯದ್ದು ಗಾಢ ಬಣ್ಣ, ಗಾಢ ರುಚಿ. ಹಣ್ಣಿನ ಮೇಲೆ ಸುರಿಯಲು ನನಗೆ ಆಂಬರ್ ಇಷ್ಟ, ಅಡುಗೆಗೆ ಡಾರ್ಕ್. ನೀರುದೋಸೆಗೆ ಮಾತ್ರ ಈಗಲೂ ಜೋನಿ ಬೆಲ್ಲವೇ ಆಗಬೇಕು.

ನಮ್ಮ ಅಡುಗೆಮನೆಗೆ ಹತ್ತಿರದ ಒಂದು ಸಂಗತಿ ಇಲ್ಲಿದೆ. ಮೆಂತ್ಯದ ಘಮಕ್ಕೆ ಕಾರಣವಾದ ಸೊಟೊಲಾನ್ ಎಂಬ ವಸ್ತು ಮೇಪಲ್ ಸಿರಪ್ಪಿನಲ್ಲೂ ಇದೆ. ಹಾಗಾಗಿ ನಕಲಿ ಮೇಪಲ್ ಫ್ಲೇವರ್ ಮಾಡಲು ಮೆಂತ್ಯದ ಸಾರ ಬಳಸುತ್ತಾರೆ. 2005ರಿಂದ ನ್ಯೂಯಾರ್ಕ್ ನಗರದಲ್ಲಿ ಆಗಾಗ ಊರಿಗೆ ಊರೇ ಮೇಪಲ್ ಸಿರಪ್ ವಾಸನೆ ಬರುತ್ತಿತ್ತು. ಜನ ಗಾಬರಿಯಾಗಿ ದೂರು ಕೊಟ್ಟರು. ಕೊನೆಗೆ 2009ರಲ್ಲಿ ಅಧಿಕಾರಿಗಳು ಮೂಲ ಹುಡುಕಿದರೆ, ಪಕ್ಕದ ನ್ಯೂಜೆರ್ಸಿಯಲ್ಲಿ ಮೆಂತ್ಯಕಾಳು ಸಂಸ್ಕರಿಸುವ ಕಾರ್ಖಾನೆ! ಮೆಂತ್ಯ ಹುರಿಯುವಾಗ ಒಮ್ಮೆ ಗಮನಿಸಿ, ಗೊತ್ತಾಗುತ್ತದೆ.

ಬಾಟಲಿ ಬಿಚ್ಚಿದ ಮೇಲೆ ಫ್ರಿಜ್ಜಿನಲ್ಲೇ ಇಡಿ. ಇದರಲ್ಲಿ ಕೆಡದಂತೆ ಕಾಪಾಡುವ ಯಾವ ರಾಸಾಯನಿಕವೂ ಇಲ್ಲದ್ದರಿಂದ ಹೊರಗಿಟ್ಟರೆ ಮೇಲ್ಭಾಗದಲ್ಲಿ ಬೂಷ್ಟು ಬರುತ್ತದೆ.

ನಾವೇ ಬೆಳೆಯುವುದು: ಸಸಿಯಿಂದ ಶುರು

ಪೂರ್ತಿ ಮಾಗಿದ ಸ್ಟ್ರಾಬೆರಿ ತಿನ್ನಬೇಕೆಂದರೆ ಖಚಿತವಾದ ದಾರಿ ಇದೊಂದೇ. ಬೆಂಗಳೂರು, ಮೈಸೂರು, ಬೆಳಗಾವಿ, ಚಿಕ್ಕಮಗಳೂರು ಕಡೆ ಚಳಿಗಾಲದಲ್ಲಿ ಕುಂಡದಲ್ಲಿ ಬೆಳೆಯಬಹುದು. ಕರಾವಳಿಯಲ್ಲಿ ಕಷ್ಟ, ರಾತ್ರಿ ತಂಪಾಗುವುದೇ ಇಲ್ಲ.

ಬೀಜ ಕೊಳ್ಳಬೇಡಿ. ಆನ್‌ಲೈನಿನಲ್ಲಿ ನೀಲಿ ಸ್ಟ್ರಾಬೆರಿ, ಕಪ್ಪು ಸ್ಟ್ರಾಬೆರಿ ಬೀಜ ಎಂದು ಮಾರುತ್ತಾರೆ. ನೀಲಿ ಸ್ಟ್ರಾಬೆರಿ ಎಂಬುದೇ ಇಲ್ಲ. ನಾನು ಒಮ್ಮೆ ತರಿಸಿದ ಪೊಟ್ಟಣದಲ್ಲಿ ಬೆಳೆದದ್ದು ಯಾವುದೋ ಕಳೆ. ಅಸಲಿ ಬೀಜ ಸಿಕ್ಕಿದರೂ, ಇದು ಮಿಶ್ರತಳಿ ಗಿಡವಾದ್ದರಿಂದ ತಾಯಿಯಂಥದ್ದೇ ಹಣ್ಣು ಬರುವುದಿಲ್ಲ. ಈಗ ನಾವು ತಿನ್ನುವ ಸ್ಟ್ರಾಬೆರಿ, ಉತ್ತರ ಅಮೆರಿಕದ್ದೊಂದು, ಚಿಲಿ ದೇಶದ್ದೊಂದು, ಹೀಗೆ ಎರಡು ಕಾಡುಜಾತಿಗಳು 18ನೇ ಶತಮಾನದ ಫ್ರಾನ್ಸಿನ ತೋಟಗಳಲ್ಲಿ ಕೂಡಿ ಹುಟ್ಟಿದ್ದು.

ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ನರ್ಸರಿಯಿಂದ ಸಸಿ ತನ್ನಿ. ಬೆಂಗಳೂರಿನವರಿಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳು ಗೊತ್ತೇ ಇವೆ. ತಳಿಯ ಹೆಸರು ಕೇಳಿ. ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕ್ಯಾಮರೋಸಾ, ಚಾಂಡ್ಲರ್ ನಮ್ಮ ದೇಶದಲ್ಲಿ ಬೆಳೆಯುವಂಥವು. ಇವು ಹಗಲು ಚಿಕ್ಕದಿರುವಾಗ ಹೂ ಬಿಡುವ ತಳಿಗಳು. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಹಗಲಿನ ಉದ್ದ ಇಲ್ಲಿ ಸಮಸ್ಯೆಯೇ ಅಲ್ಲ. ತಂಪು ಇದ್ದಷ್ಟು ದಿನ ಹೂ ಬರುತ್ತದೆ.

ಸಸಿ ಆರಿಸುವಾಗ ಎಲೆಯ ಸಂಖ್ಯೆ ನೋಡಬೇಡಿ, ಬುಡ ನೋಡಿ. ಬೇರಿಗೂ ಎಲೆಗಳಿಗೂ ನಡುವೆ ಗಿಡ್ಡ, ದಪ್ಪ ಕಾಂಡ ಇರುತ್ತದೆ. ಅದನ್ನು ಕ್ರೌನ್ ಅನ್ನುತ್ತಾರೆ. ಅದು ಗಟ್ಟಿಯಾಗಿ, ಕಡಿಮೆ ಅಂದರೆ ಪೆನ್ಸಿಲ್ ದಪ್ಪ ಇರಲಿ. ಎಲೆಯ ಅಡಿಭಾಗ ತಿರುಗಿಸಿ, ಸಣ್ಣ ಬಲೆ ಅಥವಾ ಚುಕ್ಕಿಯಂಥ ಹುಳ ಇದೆಯಾ ನೋಡಿ.

ಮಣ್ಣು, ಕುಂಡ, ನೆಡುವ ಆಳ

ಒಂದು ಸಸಿಗೆ 8 ಇಂಚಿನ ಕುಂಡ ಸಾಕು. ಇದರ ಬೇರು ಆಳಕ್ಕೆ ಹೋಗುವುದಿಲ್ಲ. 12 ಇಂಚು ಅಗಲದ ಗ್ರೋ ಬ್ಯಾಗಿನಲ್ಲಿ ಮೂರು ಸಸಿ ಇಡಬಹುದು. ತಳದಲ್ಲಿ ನೀರು ಸರಾಗವಾಗಿ ಹೋಗಬೇಕು.

ನಾನು ಹಾಕುವ ಮಿಶ್ರಣ: ಕೊಕೊಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕು ಪಾಲು, ಎರೆಗೊಬ್ಬರ ಮೂರು ಪಾಲು, ಕೆಂಪು ಮಣ್ಣು ಮೂರು ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟನ್ನು ನೆನೆಹಾಕಿ ಎರಡು ಸಲ ನೀರು ಬಸಿಯಿರಿ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಸ್ಟ್ರಾಬೆರಿಗೆ ಉಪ್ಪು ಆಗುವುದಿಲ್ಲ. ಇದಕ್ಕೆ ಸ್ವಲ್ಪ ಹುಳಿ ಮಣ್ಣು ಬೇಕು, ಪಿಎಚ್ 5.5ರಿಂದ 6.5. ಹಾಗಾಗಿ ಬೇರೆ ಗಿಡಗಳಿಗೆ ಹಾಕುವ ಒಲೆ ಬೂದಿ, ಸುಣ್ಣ ಇದಕ್ಕೆ ಹಾಕಲೇಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಮೊದಲ ವರ್ಷ ನಾನು ಆರು ಸಸಿ ನೆಟ್ಟು ನಾಲ್ಕು ಕಳೆದುಕೊಂಡೆ. ಸಸಿ ಅಲುಗಾಡಬಾರದು ಅಂತ ಬುಡಕ್ಕೆ ಮಣ್ಣು ಏರಿಸಿ ಒತ್ತಿದ್ದೆ. ಎರಡು ವಾರದಲ್ಲಿ ನಡುವಿನ ಎಳೆ ಎಲೆ ಕಪ್ಪಾಗಿ, ಎಳೆದರೆ ಕೈಗೇ ಬಂತು. ಕ್ರೌನ್ ಕೊಳೆತಿತ್ತು. ಕ್ರೌನ್ ಮುಚ್ಚಿದರೆ ಕೊಳೆಯುತ್ತದೆ, ಪೂರ್ತಿ ಮೇಲೆ ಬಿಟ್ಟರೆ ಬೇರು ಒಣಗುತ್ತದೆ. ಸರಿಯಾದ ಆಳ ಹೀಗೆ: ಬೇರು ಮಣ್ಣಿನೊಳಗೆ ನೇರವಾಗಿ ಇಳಿದಿರಬೇಕು, ಕ್ರೌನಿನ ಕೆಳಗಿನ ಅರ್ಧ ಮಣ್ಣಿನಲ್ಲಿ, ಮೇಲಿನ ಅರ್ಧ ಗಾಳಿಯಲ್ಲಿ. ಎಳೆ ಎಲೆ ಹೊರಡುವ ಜಾಗ ಕಣ್ಣಿಗೆ ಕಾಣುತ್ತಿರಬೇಕು. ನೆಟ್ಟು ನೀರು ಹಾಕಿದ ಮೇಲೆ ಮಣ್ಣು ಕುಸಿಯುತ್ತದೆ. ಆಗ ಇನ್ನೊಮ್ಮೆ ನೋಡಿ ಸರಿಮಾಡಿ.

ಮೊದಲ ವಾರ ನೆರಳಿನಲ್ಲಿಡಿ. ಆಮೇಲೆ ದಿನಕ್ಕೆ ಆರು ಗಂಟೆ ಬಿಸಿಲು ಸಿಗುವ ಜಾಗಕ್ಕೆ ತನ್ನಿ, ಬೆಳಗಿನ ಬಿಸಿಲಾದರೆ ಒಳ್ಳೆಯದು. ಮಣ್ಣಿನ ಮೇಲೆ ಭತ್ತದ ಹುಲ್ಲು ಹಾಸಿ. ರಾಗಿ ಹುಲ್ಲೂ ಆಗುತ್ತದೆ. ರೈತರು ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ಹಾಕುತ್ತಾರೆ. ಹಣ್ಣು ಒದ್ದೆ ಮಣ್ಣಿಗೆ ತಾಗಿದರೆ ಕೊಳೆಯುತ್ತದೆ, ಅದಕ್ಕೆ ಇಷ್ಟು.

ನೀರು, ಗೊಬ್ಬರ

ಬೆಳಗ್ಗೆ ಬೆರಳನ್ನು ಮಣ್ಣಿಗೆ ಒಂದು ಇಂಚು ಇಳಿಸಿ. ಒಣಗಿದ್ದರೆ ನೀರು, ತೇವ ಇದ್ದರೆ ಬೇಡ. ಎಲೆಯ ಮೇಲೆ, ಕ್ರೌನ್ ಮೇಲೆ ಸುರಿಯದೆ ಅಂಚಿನಲ್ಲಿ ಹಾಕಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಎಲೆಯ ಅಂಚು ಸುಟ್ಟಹಾಗೆ ಕಂದಾಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಗುತ್ತಿತ್ತು. ಮಳೆನೀರು, ಕಾವೇರಿ ನೀರಿಗೆ ಬದಲಾಯಿಸಿದ ಮೇಲೆ ಬಂದ ಹೊಸ ಎಲೆಗಳು ಚೆನ್ನಾಗಿ ಬಂದವು.

ಎರಡು ವಾರಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ, ನಡುನಡುವೆ ತೆಳು ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ದ್ರವ ಗೊಬ್ಬರ). ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗಿ ಬೆಳೆದು ಹಣ್ಣು ಕಡಿಮೆಯಾಗುತ್ತದೆ. ಹೂ ಶುರುವಾದ ಮೇಲೆ ಪೊಟ್ಯಾಶ್ ಬೇಕು.

ಹೂವಿನಿಂದ ಹಣ್ಣಿಗೆ

ನೆಟ್ಟ ಮೂರ್ನಾಲ್ಕು ವಾರದೊಳಗೆ ಬರುವ ಮೊದಲ ಹೂಗಳನ್ನು ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಬೇರು ಗಟ್ಟಿಯಾಗುವ ಮುಂಚೆ ಹಣ್ಣು ಹೊತ್ತರೆ ಗಿಡ ಸೊರಗುತ್ತದೆ.

ಹೂವನ್ನು ಹತ್ತಿರದಿಂದ ನೋಡಿ. ಐದು ಬಿಳಿ ಎಸಳು, ನಡುವೆ ಹಳದಿ ಗುಬ್ಬಿ. ಆ ಗುಬ್ಬಿಯ ಮೇಲೆ ಸಾಸಿವೆಗಿಂತ ಸಣ್ಣ ಕಣಗಳು ಒತ್ತೊತ್ತಾಗಿ ಇರುತ್ತವೆ. ಮುಂದೆ ಹಣ್ಣಿನ ಮೈಮೇಲೆ ಬೀಜದಂತೆ ಕಾಣುವುದು ಇವೇ. ನಿಜ ಹೇಳಬೇಕೆಂದರೆ ಈ ಒಂದೊಂದು ಚುಕ್ಕಿಯೂ ಒಂದೊಂದು ಪುಟ್ಟ ಕಾಯಿ, ನಾವು ತಿನ್ನುವ ಕೆಂಪು ಭಾಗ ಅವುಗಳನ್ನು ಹೊತ್ತ ದಿಂಡು. ಪರಾಗ ಬಿದ್ದ ಚುಕ್ಕಿಯ ಸುತ್ತ ಮಾತ್ರ ತಿರುಳು ಉಬ್ಬುತ್ತದೆ. ಬೀಳದ ಕಡೆ ಉಬ್ಬುವುದಿಲ್ಲ. ಸೊಟ್ಟಪಟ್ಟ ಹಣ್ಣು ಬರುವುದು ಹೆಚ್ಚಾಗಿ ಇದರಿಂದಲೇ.

ತುಡುವೆ ಜೇನು, ಮುಜಂಟಿ ಬರುವ ತಾರಸಿಯಾದರೆ ಚಿಂತೆಯಿಲ್ಲ. ಪಕ್ಕದಲ್ಲಿ ತುಳಸಿ ಹೂ ಬಿಡಲು ಬಿಡಿ, ಜೇನು ತಾನಾಗೇ ಬರುತ್ತದೆ. ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಜೇನು ಕಾಣದಿದ್ದರೆ, ಮಕ್ಕಳ ಮೆತ್ತನೆಯ ಪೇಂಟ್ ಬ್ರಷ್ ತಗೊಂಡು ಬೆಳಗ್ಗೆ ಹತ್ತು-ಹನ್ನೊಂದು ಗಂಟೆಗೆ ಹಳದಿ ಭಾಗದ ಮೇಲೆ ಮೆಲ್ಲಗೆ ಎರಡು ಸುತ್ತು ತಿರುಗಿಸಿ. ಮರುದಿನವೂ ಹಾಗೇ ಮಾಡಿ.

ಹೂ ಅರಳಿ ಸುಮಾರು ಒಂದು ತಿಂಗಳಿಗೆ ಹಣ್ಣು. ಭುಜದವರೆಗೆ ಪೂರ್ತಿ ಕೆಂಪಾದ ಮೇಲೂ ಒಂದು ದಿನ ಕಾಯಿರಿ. ಆಮೇಲೆ ಬೆಳಗಿನ ತಂಪಿನಲ್ಲಿ, ಹಣ್ಣು ಹಿಡಿದು ಎಳೆಯದೆ, ತೊಟ್ಟನ್ನು ಕತ್ತರಿಸಿ.

ಆ ಒಂದು ದಿನ ಕಾಯುವುದೇ ಕಷ್ಟ. ಪಿಕಳಾರ, ಅಳಿಲು ನಮಗಿಂತ ಮುಂಚೆ ಏಳುತ್ತವೆ. ಹಣ್ಣು ಬಿಳಿಯಿಂದ ಗುಲಾಬಿಗೆ ತಿರುಗುವಾಗಲೇ ಬಲೆ ಮುಚ್ಚಿ. ಬಸವನಹುಳ ಬಂದರೆ ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ, ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಡಿ. ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ನುಸಿ. ನೀರನ್ನು ಎಲೆಯ ಅಡಿಗೆ ಜೋರಾಗಿ ಹಾಯಿಸಿ, ಸಂಜೆ ಒಂದು ಲೀಟರಿಗೆ 3-5 ಮಿ.ಲೀ. ಬೇವಿನ ಎಣ್ಣೆ ಮತ್ತು ಎರಡು ಹನಿ ಸೋಪು ಕಲಸಿ ಸಿಂಪಡಿಸಿ.

ಎಷ್ಟು ಹಣ್ಣು ಬರುತ್ತದೆ? ನಮ್ಮ ತಾರಸಿಯಲ್ಲಿ ಒಂದು ಗಿಡಕ್ಕೆ ಇಡೀ ಹಂಗಾಮಿಗೆ ಕಾಲು ಕೆ.ಜಿ. ಬಂದರೆ ಖುಷಿ. ನಾಲ್ಕು ಜನರ ಮನೆಗೆ ಹದಿನೈದು-ಇಪ್ಪತ್ತು ಗಿಡವಾದರೂ ಇರಲಿ, ಇಲ್ಲದಿದ್ದರೆ ದಿನಕ್ಕೊಂದು ಹಣ್ಣನ್ನು ನಾಲ್ಕು ಹೋಳು ಮಾಡಬೇಕಾಗುತ್ತದೆ.

ಬೇಸಿಗೆ ದಾಟಿಸುವುದು

ಮಾರ್ಚ್ ಕೊನೆಗೆ ಹೂ ನಿಲ್ಲುತ್ತಾ ಬರುತ್ತದೆ. ಗಿಡ ಉದ್ದನೆಯ ಹಂಬು ಬಿಡಲು ಶುರು ಮಾಡುತ್ತದೆ. ಇದೇ ರನ್ನರ್. ಹಣ್ಣಿನ ಕಾಲದಲ್ಲಿ ಬಂದರೆ ಕತ್ತರಿಸಿಬಿಡಿ, ಈಗ ಬಂದದ್ದನ್ನು ಉಳಿಸಿಕೊಳ್ಳಿ. ಹಂಬಿನ ಗೆಣ್ಣಿನಲ್ಲಿ ಮರಿ ಚಿಗುರುತ್ತದೆ. ಅದರ ಕೆಳಗೆ ಮಣ್ಣು ತುಂಬಿದ ಚಿಕ್ಕ ಕಪ್ ಇಟ್ಟು, ಹೇರ್‌ಪಿನ್ನಿನಿಂದ ಮೆಲ್ಲಗೆ ಸಿಕ್ಕಿಸಿ. ಮೂರ್ನಾಲ್ಕು ವಾರಕ್ಕೆ ಬೇರು ಹಿಡಿಯುತ್ತದೆ. ಮರಿಯನ್ನು ಮೇಲಕ್ಕೆ ಸ್ವಲ್ಪ ಎತ್ತಿ ನೋಡಿ, ಬಿಗಿಯಾಗಿದ್ದರೆ ತಾಯಿಯಿಂದ ಕತ್ತರಿಸಿ ಬೇರೆ ಮಾಡಿ.

ಏಪ್ರಿಲ್-ಮೇ ಪೂರ್ತಿ ತಾಯಿಗಿಡ, ಮರಿ ಎರಡನ್ನೂ ಹಸಿರು ನೆರಳುಬಲೆಯ ಕೆಳಗಿಡಿ. ಮಳೆಗಾಲದಲ್ಲಿ ನೇರ ಮಳೆ ಬೀಳದ ಸಜ್ಜೆಯ ಕೆಳಗೆ ಸರಿಸಿ, ಒಣ ಎಲೆ ತೆಗೆಯುತ್ತಿರಿ. ಎರಡು ವರ್ಷವಾದ ತಾಯಿಗಿಡ ಬಿಟ್ಟುಬಿಡಿ, ಹಣ್ಣು ಚಿಕ್ಕದಾಗುತ್ತಾ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಹೊಸ ಮಣ್ಣು ಕಲಸಿ, ಈ ಮರಿಗಳನ್ನೇ ಕ್ರೌನ್ ಅರ್ಧ ಮೇಲೆ ಬಿಟ್ಟು ನೆಡಿ. ಕಳೆದ ವರ್ಷ ನಮ್ಮಲ್ಲಿ ಆರು ಗಿಡದಿಂದ ಹದಿನಾಲ್ಕು ಮರಿ ಸಿಕ್ಕವು. ನಾಲ್ಕನ್ನು ಕೆಳಗಿನ ಮನೆಯ ಅಜ್ಜಿಗೆ ಕೊಟ್ಟೆ. ಅವರ ಕಿಟಕಿಯಲ್ಲಿ ಈಗ ಮೊಗ್ಗು ಬಂದಿದೆ.